ಸಂಶಯಾತ್ಮನ ಹೋಮ್ ಸ್ಟುಡಿಯೋ

ಹಾಡನ್ನು ಮುಗಿಸದೆ ಉಳಿಸುವುದೂ ಒಂದು ವಿದ್ಯೆ. ಹಿಂದೆ ಅದನ್ನು ಕಲಿಯಬೇಕಾದರೆ ಸಂಗೀತದ ಮೇಷ್ಟ್ರ ಮನೆ ಬಾಗಿಲು ತಟ್ಟಿ, ಸರಳೆ, ಜಂಟಿವರಸೆಗಳಲ್ಲಿ ವರ್ಷಗಟ್ಟಲೆ ಬೈಸಿಕೊಂಡು, ವರ್ಣದ ಹೊತ್ತಿಗೆ ಎಸ್ಸೆಸ್ಸೆಲ್ಸಿ ಬಂತೆಂದು ಬಿಡಬೇಕಿತ್ತು. ಈಗ ಅಷ್ಟು ದೂರ ಹೋಗಬೇಕಿಲ್ಲ. ಒಂದು ಲ್ಯಾಪ್‌ಟಾಪ್, ಒಂದು ಹೆಡ್‌ಫೋನ್ ಇದ್ದರೆ ಸಾಕು. ರಾತ್ರಿ ಹನ್ನೊಂದಕ್ಕೆ ಕೂತು ಹನ್ನೊಂದೂವರೆಗೆ ಎಂಟು ಬಾರ್‌ನ ಒಂದು ಬೀಟ್ ಮಾಡಿ, ಎರಡು ಗಂಟೆಯವರೆಗೆ ಅದನ್ನೇ ತಿರುಗಿಸಿ ತಿರುಗಿಸಿ ಕೇಳಿ, ಮುಂದಿನ ರೆಹಮಾನ್ ತಾನೇ ಎಂದು ಖಾತ್ರಿ ಮಾಡಿಕೊಂಡು ಮಲಗಬಹುದು. ಬೆಳಿಗ್ಗೆ ಎದ್ದು ಅದೇ ಎಂಟು ಬಾರ್ ಕೇಳಿ, ತನ್ನಂಥ ದಂಡಪಿಂಡ ಜಗತ್ತಿನಲ್ಲೇ ಇಲ್ಲ ಎಂಬ ಎರಡನೆಯ ತೀರ್ಮಾನಕ್ಕೂ ಬರಬಹುದು. ಎರಡು ತೀರ್ಮಾನಗಳ ನಡುವೆ ಹಾಡಿಗೆ ಒಂಬತ್ತನೆಯ ಬಾರ್ ಮಾತ್ರ ಸೇರಿರುವುದಿಲ್ಲ.

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವನೊಬ್ಬ ಸಿಗುತ್ತಾನೆ. ನಮ್ಮ ಬೀದಿಗೂ ಒಬ್ಬನಿದ್ದಾನೆ. ಎದುರು ಮನೆಯ ಮೇಲ್ಮಹಡಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಕೋಣೆಯಲ್ಲಿ ಬಾಡಿಗೆಗೆ. ಊರು ದಾವಣಗೆರೆ ಕಡೆ. ಹಗಲು ಯಾವುದೋ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿದ್ದಕ್ಕೆ ಸಂಬಳ. ರಾತ್ರಿ ಅದೇ ಕೆಲಸವನ್ನು ತನ್ನ ಮೇಲೆ ಸಂಬಳವಿಲ್ಲದೆ ಮಾಡಿಕೊಳ್ಳುತ್ತಾನೆ. ಹಾಡಿನ ಲೋಕದಲ್ಲಿ ಅವನಿಗೆ ಬೇರೆಯೇ ಹೆಸರಿದೆ. ಅದರಲ್ಲಿ ಸ್ವರಗಳೇ ಇಲ್ಲದ್ದರಿಂದ ನನ್ನ ಬಾಯಿಗೆ ಇನ್ನೂ ದಕ್ಕಿಲ್ಲ.

‘ಹಾಡು ಎಲ್ಲಿಗೆ ಬಂತಪ್ಪಾ?’ ಎಂದು ಕೇಳಿದರೆ ‘ಕಿಕ್ ಸ್ವಲ್ಪ ಕೂರ್ತಿಲ್ಲ ಸರ್’ ಅನ್ನುತ್ತಾನೆ. ಕಿಕ್ ಎಂದರೆ ಬೀಟಿನಲ್ಲಿ ಎದೆಗೆ ಗುದ್ದುವ ಆ ‘ಧಪ್’ ಎಂಬ ಸದ್ದು. ಅದು ಯುಗಾದಿಗೆ ಕೂತಿರಲಿಲ್ಲ, ಗಣೇಶನ ಹಬ್ಬಕ್ಕೂ ಕೂತಿರಲಿಲ್ಲ. ಒಮ್ಮೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಬರೀ ಕಿಕ್ಕುಗಳದ್ದೇ ಒಂದು ಫೋಲ್ಡರ್. ಸಾವಿರಾರು ‘ಧಪ್’ಗಳು ಅಲ್ಲಿ ಕನ್ಯಾಪರೀಕ್ಷೆಗೆ ಸಾಲಾಗಿ ನಿಂತಿದ್ದವು. ಪಕ್ಕದ ಫೋಲ್ಡರಿನಲ್ಲಿ ಹಾಡುಗಳು. ‘ಹೊಸದು’, ‘ಹೊಸದು ಎರಡು’, ‘ಫೈನಲ್’, ‘ಫೈನಲ್ ದೇವರಾಣೆ’, ಕೊನೆಯಲ್ಲಿ ‘ಅಮ್ಮನಿಗೆ ಕಳಿಸಿದ್ದು’. ಅಮ್ಮ ಏನಂದರು ಎಂದು ಕೇಳಿದೆ. ‘ಚೆನ್ನಾಗಿದೆ ಮಗ, ಊಟ ಆಯ್ತಾ?’ ಅಂದರಂತೆ. ಆ ವಿಮರ್ಶೆಯ ಮೊದಲರ್ಧವನ್ನು ಅವನು ನಂಬಲಿಲ್ಲ. ಎರಡನೆಯ ಅರ್ಧಕ್ಕೆ ಉತ್ತರ ಕೊಡಲಿಲ್ಲ.

ರಾತ್ರಿಯ ಗರ್ವ, ಬೆಳಗಿನ ಗ್ಲಾನಿ ಎರಡಕ್ಕೂ ಮನಶ್ಶಾಸ್ತ್ರದವರನ್ನು ಕರೆಸಬೇಕಿಲ್ಲ. ಅರ್ಧ ಕಾರಣ ಕಿವಿಯಲ್ಲೇ ಇದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿಗೆ ತಗ್ಗಿನ ನಾದ ಸರಿಯಾಗಿ ಕೇಳಿಸುವುದಿಲ್ಲ. ಸದ್ದು ಏರಿಸುತ್ತ ಹೋದಂತೆ ಅದು ತುಂಬಿಕೊಂಡು ಬರುತ್ತದೆ. ನಡುರಾತ್ರಿ ಹೆಡ್‌ಫೋನಿನಲ್ಲಿ ಪೂರ್ತಿ ಏರಿಸಿ ಕೇಳಿದಾಗ ದೇವಲೋಕದಿಂದ ಇಳಿದಂತಿದ್ದ ಬೇಸ್, ಬೆಳಿಗ್ಗೆ ಪಕ್ಕದ ಮನೆಯವರಿಗೆ ಹೆದರಿ ಮೆಲ್ಲಗೆ ಹಾಕಿದಾಗ ಸೋರಿಹೋದ ಬಲೂನಾಗಿರುತ್ತದೆ. ಹಾಡು ಬದಲಾಗಿಲ್ಲ, ಗುಂಡಿ ತಿರುಗಿದೆ ಅಷ್ಟೆ. ಇದರ ಇನ್ನೊಂದು ಮುಖವನ್ನು ಸ್ಟುಡಿಯೋದವರೆಲ್ಲ ಬಲ್ಲರು, ಬಾಯಿಬಿಡುವುದಿಲ್ಲ. ಅದೇ ಹಾಡನ್ನು ಒಂದೆರಡು ಡೆಸಿಬೆಲ್ ಹೆಚ್ಚಿಗೆ ಮಾಡಿ ಕೇಳಿಸಿದರೆ ಜನ ‘ಇದು ಜೋರಾಗಿದೆ’ ಅನ್ನುವುದಿಲ್ಲ, ‘ಇದು ಚೆನ್ನಾಗಿದೆ’ ಅನ್ನುತ್ತಾರೆ. ನಮ್ಮ ಹುಡುಗನಿಗೆ ಫ್ಲೆಚರ್, ಮನ್ಸನ್ ಇಬ್ಬರೂ ಗೊತ್ತು. ಅವರ ಗೆರೆಗಳ ಚಿತ್ರ ಅವನ ಗೋಡೆಯ ಮೇಲಿದೆ. ಬೆಳಿಗ್ಗೆ ಎದ್ದೊಡನೆ ಮಾತ್ರ ತನ್ನ ಯೋಗ್ಯತೆಯನ್ನೇ ಅನುಮಾನಿಸುತ್ತಾನೆ, ಗೆರೆಗಳ ಕಡೆ ನೋಡುವುದಿಲ್ಲ.

ಸಂಶಯ ಹುಟ್ಟಿದ ಕಡೆ ಅಂಗಡಿಯೂ ಹುಟ್ಟುತ್ತದೆ. ಮೈಕಲ್ ಜಾಕ್ಸನ್ನನ ‘ಥ್ರಿಲ್ಲರ್’ ಬಂದದ್ದು 1982ರಲ್ಲಿ. ಆ ಹಾಡುಗಳಲ್ಲಿ ಅವನ ದನಿಯನ್ನು ಬ್ರೂಸ್ ಸ್ವೆಡೀನ್ ಎಂಬ ಇಂಜಿನಿಯರ್ ಬಹುಮಟ್ಟಿಗೆ ಹಿಡಿದದ್ದು ಶೂರ್ ಕಂಪನಿಯ ಎಸ್‌ಎಂ7 ಎಂಬ ಮೈಕಿನಲ್ಲಿ. ಇಷ್ಟು ಸಾಕು. ಅದರ ಈಗಿನ ಅವತಾರ ಕೊಳ್ಳದ ಹೊರತು ಮುಂದಿನ ಹೆಜ್ಜೆ ಇಡಲಾಗದು ಎಂದು ಹುಡುಗನಿಗೆ ಮನವರಿಕೆಯಾಯಿತು. ಬೆಲೆ ಮೂವತ್ತು ಸಾವಿರದ ಮೇಲೆ. ಬಂದಮೇಲೆ ತಿಳಿಯಿತು, ಆ ಮೈಕಿನ ದನಿ ಬಲು ಮೆತ್ತಗೆ. ಅದನ್ನು ಎತ್ತಿಕೊಡಲು ಇನ್ನೊಂದು ಡಬ್ಬಿ ಬೇಕು. ಆ ಡಬ್ಬಿ ಬಂತು. ಅದು ಬಂದಮೇಲೆ ಕೋಣೆಯ ಫ್ಯಾನು, ಕೆಳಗಿನ ಮನೆಯ ಕುಕ್ಕರು, ಟ್ಯಾಂಕಿಗೆ ನೀರೇರಿಸುವ ಮೋಟಾರು ಎಲ್ಲವೂ ಸ್ಫುಟವಾಗಿ ದಾಖಲಾಗತೊಡಗಿದವು. ಇಷ್ಟಾಗಿ ಅವನು ಹಾಡುವವನಲ್ಲ. ಅವನ ಬೀಟಿಗೆ ಹಾಡುವವರೂ ಯಾರಿಲ್ಲ. ಮೈಕಿಗೆ ಕರ್ಚೀಫು ಹೊದಿಸಿಟ್ಟಿದ್ದಾನೆ, ದೂಳು ಕೂರದಿರಲೆಂದು.

ಇದಕ್ಕಿಂತ ಸ್ವಾರಸ್ಯದ್ದು ಸ್ಪೀಕರಿನ ಕತೆ. ಯಮಾಹಾ ಕಂಪನಿ 1978ರಲ್ಲಿ ಮನೆಬಳಕೆಗೆಂದು ಎನ್‌ಎಸ್-10 ಎಂಬ ಸ್ಪೀಕರ್ ತಂದಿತು. ಮನೆಯವರಿಗೆ ಅದು ಹಿಡಿಸಲಿಲ್ಲ. ಸ್ಟುಡಿಯೋದವರು ಎತ್ತಿಕೊಂಡರು: ಇದರಲ್ಲಿ ತಪ್ಪುಗಳೆಲ್ಲ ಎದ್ದು ಕೇಳಿಸುತ್ತವೆ, ಇದರಲ್ಲಿ ಪಾಸಾದದ್ದು ಎಲ್ಲಿ ಬೇಕಾದರೂ ಪಾಸಾದೀತು ಎಂದು. ಮೇಲಿನ ಸದ್ದು ಕಿವಿಗೆ ಚುಚ್ಚುತ್ತದೆಂದು ಕೆಲವರು ಅದರ ಟ್ವೀಟರಿಗೆ ಟಿಶ್ಯೂ ಕಾಗದ ಅಂಟಿಸಿ ಕೆಲಸ ಮಾಡಿದರು. ಮನೆಯವರು ಬೇಡವೆಂದ ಆ ಸ್ಪೀಕರನ್ನು, ತಯಾರಿಕೆ ನಿಂತು ಎರಡು ದಶಕ ದಾಟಿದ ಮೇಲೂ, ಪ್ರಪಂಚದಾದ್ಯಂತ ಹುಡುಗರು ಹಳೇ ಮಾಲಿನಲ್ಲಿ ಹುಡುಕುತ್ತಿದ್ದಾರೆ. ನಮ್ಮವನೂ ಎಸ್.ಪಿ. ರೋಡೆಲ್ಲ ಜಾಲಾಡಿ ಬಂದ. ಸಿಗಲಿಲ್ಲ ಎಂಬ ದುಃಖದಲ್ಲಿ ಹದಿನೈದು ದಿನ ಲ್ಯಾಪ್‌ಟಾಪ್ ತೆರೆಯಲಿಲ್ಲ. ಹೀಗೆ ತಪ್ಪುಗಳು ಚೆನ್ನಾಗಿ ಕೇಳಿಸುವ ಸ್ಪೀಕರಿಗಾಗಿ ಹಾತೊರೆಯುವವನು ಇವನು. ಸ್ಪೀಕರೇ ಇಲ್ಲದಾಗಲೂ ತಪ್ಪುಗಳು ಕೇಳಿಸುವುದು ಇವನಿಗೇ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಿಗೆ ನೆಲ, ಗೋಡೆ, ಸೂರು ಮೂರೂ ಡೊಂಕು, ಅದಕ್ಕೆ ಭೌತಶಾಸ್ತ್ರದ ಆಧಾರವೂ ಇದೆ. ಕಷ್ಟವೆಂದರೆ ಅವನು ಹೇಳುವುದು ನಿಜ. ಹತ್ತಡಿ ಉದ್ದದ ಕೋಣೆಯಲ್ಲಿ ಸುಮಾರು 56 ಹರ್ಟ್ಜ್‌ನ ನಾದ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ನಿಂತುಬಿಡುತ್ತದೆ. ಗೋಡೆಯ ಬಳಿ ಗುಂಯ್ ಎನ್ನುತ್ತದೆ, ನಡುಮಧ್ಯೆ ಮಾಯವಾಗುತ್ತದೆ. ಅಗಲವೂ ಹತ್ತಡಿಯೇ ಆದರೆ ಎರಡು ದಿಕ್ಕಿನಿಂದಲೂ ಅದೇ ಪೀಡೆ. ಬೆಂಗಳೂರಿನ ಮನೆಮಾಲೀಕರು ಹತ್ತಕ್ಕೆ ಹತ್ತರ ಕೋಣೆಯನ್ನೇ ಕಟ್ಟಿಸುವವರು, ಕಿಕ್ಕು ಕೂರುವ ಜಾಗವೂ ಸರಿಯಾಗಿ ಅದೇ 56ರ ಆಸುಪಾಸು. ಹುಡುಗ ಮಂಚ ಎಳೆದ, ಮೇಜು ತಿರುಗಿಸಿದ, ಕೊನೆಗೆ ಕೋಳಿಮೊಟ್ಟೆಯ ಟ್ರೇಗಳನ್ನು ತಂದು ಗೋಡೆ ತುಂಬ ಅಂಟಿಸಿದ. ಆ ರಟ್ಟಿಗೆ ಬೇಸ್ ಎಂಬ ವಸ್ತುವಿನ ಪರಿಚಯವೇ ಇಲ್ಲ. ತಗ್ಗಿನ ನಾದ ಅದನ್ನು ದಾಟಿ ಹೋಗಿ ಗೋಡೆಗೆ ಬಡಿದು ವಾಪಸು ಬರುತ್ತದೆ. ಅಡ್ವಾನ್ಸಿನಲ್ಲಿ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತಿದ್ದ ಮಾಲೀಕರು, ಈಗ ಎರಡು ತಿಂಗಳದ್ದು ಹಿಡಿಯುತ್ತೇನೆಂದು ಮುನ್ಸೂಚನೆ ಕೊಟ್ಟಿದ್ದಾರೆ.

ಕೋಣೆ ನಂಬಿಕೆಗೆ ಅರ್ಹವಲ್ಲವಾದ್ದರಿಂದ ಕಾರಿನಲ್ಲಿ ಕೇಳಿ ನೋಡಬೇಕೆಂಬುದು ಈ ಪಂಥದವರ ನಿಯಮ. ದೊಡ್ಡ ದೊಡ್ಡ ಇಂಜಿನಿಯರುಗಳೂ ಹಾಡನ್ನು ಕಾರಿಗೆ ಒಯ್ದು ಕೇಳುತ್ತಾರೆ, ಅದರಲ್ಲಿ ತಮಾಷೆಯೇನಿಲ್ಲ. ಹುಡುಗನಿಗೆ ಕಾರಿಲ್ಲ, ನನಗಿದೆ. ಒಂದು ಭಾನುವಾರ ಬೆಳಿಗ್ಗೆ ಬಾಗಿಲಿಗೆ ಬಂದ. ಇಬ್ಬರೂ ನಿಂತ ಕಾರಿನಲ್ಲಿ ಕಿಟಕಿ ಏರಿಸಿ ಕೂತೆವು. ಸೊಪ್ಪಿನ ಗಾಡಿಯವಳು ನಮ್ಮನ್ನು ನೋಡಿ ಒಂದು ಕ್ಷಣ ಗಾಡಿ ನಿಲ್ಲಿಸಿದಳು, ಆಮೇಲೆ ಏನನ್ನಿಸಿತೋ ಬೇಗ ಬೇಗ ತಳ್ಳಿಕೊಂಡು ಹೋದಳು. ಎಂಟು ಬಾರ್ ಮುಗಿಯಿತು. ಮತ್ತೆ ಶುರುವಾಯಿತು. ಅವನ ಕಣ್ಣು ಸ್ಪೀಕರಿನ ಮೇಲಿಲ್ಲ, ನನ್ನ ಮುಖದ ಮೇಲಿತ್ತು.

‘ಹೇಗಿದೆ ಸರ್?’

‘ಚೆನ್ನಾಗಿದೆಯಪ್ಪಾ.’

‘ಸುಮ್ನೆ ಹೇಳ್ತಿದೀರ.’

‘ಇಲ್ಲ, ನಿಜವಾಗ್ಲೂ. ಸ್ವಲ್ಪ ಬೇಗ ಮುಗೀತು ಅನ್ನಿಸ್ತು, ಅಷ್ಟೆ.’

‘ಮುಗ್ದಿಲ್ಲ ಸರ್. ಇದು ಲೂಪು.’

ಇಂಥವರ ಎದುರು ಬಾಯಿಬಿಡುವುದು ಮಹಾ ಅಪಾಯದ ಕೆಲಸ. ಚೆನ್ನಾಗಿದೆ ಎಂದರೆ ನಮಗೆ ಸಂಗೀತ ಗೊತ್ತಿಲ್ಲ ಎಂದಾಯಿತು. ಚೆನ್ನಾಗಿಲ್ಲ ಎಂದರೆ ನಮ್ಮಷ್ಟು ಗೊತ್ತಿರುವವರು ಬೇರೆ ಇಲ್ಲ ಎಂದಾಯಿತು. ಅವನು ಒಂದು ತಿಂಗಳು ಊಟ ಬಿಡುತ್ತಾನೆ. ಹೊಗಳಿಕೆಗೆ ಸಾಕ್ಷಿ ಕೇಳುವವನು ತೆಗಳಿಕೆಯನ್ನು ಮಾತ್ರ ವೇದವಾಕ್ಯವೆಂದು ಒಪ್ಪುತ್ತಾನೆ. ಆ ದಿನ ಅವನು ಕಾರಿನಿಂದ ಇಳಿಯುವಾಗ ‘ಬೇಸ್ ಜಾಸ್ತಿ ಆಗಿದೆ’ ಎಂದ. ಮೇಲೆ ಹೋಗಿ ಕಡಿಮೆ ಮಾಡಿದ. ಮರುದಿನ ಆಟೋದಲ್ಲಿ ಹಾಕಿಸಿ ಕೇಳಿದ, ಕಡಿಮೆಯಾಗಿತ್ತು. ನಮ್ಮ ಜನ ಈ ಹಾಡನ್ನು ಕೇಳಿದರೆ ಕೇಳುವುದು ಬಿಎಂಟಿಸಿ ಬಸ್ಸಿನಲ್ಲಿ, ಮೊಬೈಲನ್ನು ಅಂಗೈಯಲ್ಲಿ ಹಿಡಿದು, ಪಕ್ಕದವರಿಗೂ ಕೇಳಿಸುವ ಹಾಗೆ. ಮೊಬೈಲಿನ ಆ ಸಾಸಿವೆಯಷ್ಟು ಸ್ಪೀಕರಿನಿಂದ 56 ಹರ್ಟ್ಜ್ ಹೊರಗೆ ಬರುವುದೇ ಇಲ್ಲ. ಒಂದು ವರ್ಷದ ಕಿಕ್ಕಿನ ತಪಸ್ಸು ಬಾಗಿಲು ದಾಟದೆ ಅಲ್ಲೇ ಉಳಿಯುತ್ತದೆ.

ಈಗ ಸ್ಫೂರ್ತಿಯ ವಿಷಯ. ಸಂಶಯವನ್ನು ಪುಕ್ಕಟೆ ಹಂಚುವ ಜಗತ್ತು ಸ್ಫೂರ್ತಿಯನ್ನು ಕಂತಿನಲ್ಲಿ ಮಾರುತ್ತದೆ. ‘ಹಾಡು ಮುಗಿಸುವುದು ಹೇಗೆ’ ಎಂಬ ನಲವತ್ತು ನಿಮಿಷದ ವಿಡಿಯೋಗಳನ್ನು ನಮ್ಮವನು ದಿನಾ ಒಂದರಂತೆ ನೋಡುತ್ತಾನೆ. ‘ಸ್ಫೂರ್ತಿಗೆ ಕಾಯಬೇಡಿ, ಶಿಸ್ತು ಬೆಳೆಸಿಕೊಳ್ಳಿ’ ಎಂದು ಹೇಳುವ ವಿಡಿಯೋಗಳನ್ನು ಬಲು ಶಿಸ್ತಿನಿಂದ ನೋಡುತ್ತಾನೆ. ಹೇಳುವವನ ಹಿಂದೆ ನೀಲಿ ದೀಪ, ಒಂದು ಗಿಡ, ಕೈಗೆಟುಕದ ಬೆಲೆಯ ಕೀಬೋರ್ಡು. ಆತನೂ ಹಾಡು ಮುಗಿಸಿ ಎಷ್ಟು ಕಾಲವಾಯಿತೋ. ವಾರಕ್ಕೆ ಮೂರು ವಿಡಿಯೋ ಮಾಡುವವನಿಗೆ ಹಾಡಿಗೆಲ್ಲಿ ಪುರುಸೊತ್ತು?

ಅವರೆಲ್ಲ ಹೇಳುವ ಕತೆಗಳಲ್ಲಿ ನಡುಭಾಗವನ್ನು ಇಲಿ ತಿಂದಿರುತ್ತದೆ. ಬಿಲ್ಲಿ ಐಲಿಶ್ ಎಂಬ ಹುಡುಗಿ, ಅವಳ ಅಣ್ಣ ಫಿನಿಯಸ್ ಲಾಸ್ ಏಂಜಲೀಸಿನ ತಮ್ಮ ಮನೆಯ ಮಲಗುವ ಕೋಣೆಯಲ್ಲಿ ಕೂತು ಮಾಡಿದ ಆಲ್ಬಮ್ಮು 2019ರಲ್ಲಿ ಬಂತು, ಮುಂದಿನ ವರ್ಷ ಗ್ರ್ಯಾಮಿಯ ನಾಲ್ಕೂ ಮುಖ್ಯ ಪ್ರಶಸ್ತಿಗಳು ಬಿಲ್ಲಿಯ ಪಾಲಾದವು. ನಿಜ. ಅಷ್ಟು ಹೊತ್ತಿಗೆ ದೊಡ್ಡ ರೆಕಾರ್ಡ್ ಕಂಪನಿಯೊಂದು ಅವರ ಬೆನ್ನಿಗೆ ನಿಂತು ಎರಡು ಮೂರು ವರ್ಷವಾಗಿತ್ತು ಎಂಬುದು ಸ್ಫೂರ್ತಿಗೆ ಅಡ್ಡಿ, ಆದ್ದರಿಂದ ಅದನ್ನು ಹೇಳುವುದಿಲ್ಲ. 2007ರಲ್ಲಿ ಊರೆಲ್ಲ ಕುಣಿಸಿದ ರಿಹಾನಾಳ ‘ಅಂಬ್ರೆಲಾ’ ಹಾಡಿನ ಡ್ರಮ್ಮು, ಆಪಲ್ ಕಂಪ್ಯೂಟರಿನ ಗರಾಜ್‌ಬ್ಯಾಂಡ್ ತಂತ್ರಾಂಶದ ಜೊತೆ ಎಲ್ಲರಿಗೂ ಸಿಗುತ್ತಿದ್ದ ಒಂದು ಸಿದ್ಧ ಲೂಪು. ಇದನ್ನು ಕೇಳಿದಾಗ ನಮ್ಮವನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬೇರೆಯವರು ಮಾಡಿಟ್ಟ ಲೂಪು ಬಳಸಿದರೆ ಅದು ತನ್ನ ಹಾಡು ಹೇಗಾದೀತು ಎಂಬ ಧರ್ಮಸಂಕಟ ಹತ್ತಿಕೊಂಡಿತು. ಸ್ವಂತ ಸ್ನೇರ್ ಡ್ರಮ್ಮಿನ ಸದ್ದು ಬೇಕೆಂದು ಅಕ್ಕಿಯ ಸ್ಟೀಲ್ ಡಬ್ಬ ಬಡಿದು ಧ್ವನಿಮುದ್ರಿಸಿದ. ಹೀಗೇ ಹೋದರೆ ಮುಂದೆ ಕಬ್ಬಿಣದ ಅದಿರಿಗೆಂದು ಬಳ್ಳಾರಿಗೆ ಹೊರಟಾನು.

ರೆಹಮಾನ್ ಕತೆಯೂ ಅಷ್ಟೆ. ಮನೆಯ ಹಿತ್ತಲಲ್ಲಿ 1989ರಲ್ಲಿ ಸ್ಟುಡಿಯೋ ಕಟ್ಟಿದರು, 1992ರಲ್ಲಿ ‘ರೋಜಾ’ ಬಂತು, ಮುಂದಿನದು ಚರಿತ್ರೆ. ಮೊದಲಿನದು? ಒಂಬತ್ತನೆಯ ವಯಸ್ಸಿಗೆ ತಂದೆ ಹೋದರು. ಅವರ ವಾದ್ಯಗಳನ್ನು ಬಾಡಿಗೆಗೆ ಕೊಟ್ಟು ಮನೆ ನಡೆಯಿತು. ಹುಡುಗನಾಗಿದ್ದಾಗಲೇ ಬೇರೆಯವರ ಧ್ವನಿಮುದ್ರಣಗಳಲ್ಲಿ ಕೀಬೋರ್ಡು, ಆಮೇಲೆ ಜಾಹೀರಾತಿನ ಜಿಂಗಲ್ಲು. ಸೋಪಿನ ಕಂಪನಿಯವನು ನಾಳೆ ಹತ್ತಕ್ಕೆ ಟೇಪ್ ಕೊಡು ಅಂದರೆ ಕಿಕ್ ಕೂತಿಲ್ಲ ಅನ್ನಲಾಗುತ್ತದೆಯೆ?

ನಮ್ಮ ಕನ್ನಡದ ಹಾಡುಗಳು ದಶಕಗಟ್ಟಲೆ ಹುಟ್ಟಿದ್ದು ಮದ್ರಾಸಿನಲ್ಲಿ. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ತೆರೆದದ್ದೆಲ್ಲ ಆಮೇಲಿನ ಮಾತು. ಜಿ.ಕೆ. ವೆಂಕಟೇಶ್, ರಾಜನ್–ನಾಗೇಂದ್ರರ ಕಾಲದಲ್ಲಿ ಕಾಲ್‌ಶೀಟ್ ಲೆಕ್ಕ. ಪಿಟೀಲಿನವರು, ಕೊಳಲಿನವರು, ತಬಲಾದವರು, ಗಾಯಕರು ಎಲ್ಲ ಒಟ್ಟಿಗೆ ಸೇರಬೇಕು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಹೊತ್ತು ಮೀರಿದರೆ ನಿರ್ಮಾಪಕರ ಮುಖ ಕಿಟಕಿಯ ಗಾಜಿನಾಚೆ ಕೆಂಪಾಗುತ್ತದೆ. ಅವರಿಗೂ ಸಂಶಯಗಳಿದ್ದಿರಬೇಕು, ಆದರೆ ಅವನ್ನು ಪಡಲು ಪ್ರತ್ಯೇಕ ಕಾಲ್‌ಶೀಟ್ ಇರಲಿಲ್ಲ. ಆ ವೆಂಕಟೇಶರ ಕೈಕೆಳಗೆ ವರ್ಷಗಟ್ಟಲೆ ದುಡಿದವರು ಇಳಯರಾಜ. ಇಳಯರಾಜರ ಧ್ವನಿಮುದ್ರಣಗಳಲ್ಲಿ ಕೀಬೋರ್ಡು ನುಡಿಸಿದವರು ರೆಹಮಾನ್. ಆ ಸಾಲಿನಲ್ಲಿ ಪ್ರತಿಯೊಬ್ಬರ ಹಿಂದೆಯೂ ‘ಬೇಗ ಆಗ್ಲಿ’ ಎನ್ನುವವನೊಬ್ಬ ಇದ್ದ. ಟ್ಯಾಂಕಿನ ಪಕ್ಕದ ಕೋಣೆಯಲ್ಲಿ ಇಲ್ಲದಿರುವುದು ಅವನೊಬ್ಬನೇ.

ಅಲ್ಲಿರುವುದು ಸಾಫ್ಟ್‌ವೇರು. ಬೆಲ್ಜಿಯಂ ದೇಶದ ಎಫ್‌ಎಲ್ ಸ್ಟುಡಿಯೋ, ಹಳಬರ ಬಾಯಲ್ಲಿ ಫ್ರೂಟಿ ಲೂಪ್ಸ್, ಈ ಹುಡುಗರ ಮನೆದೇವರು. ಅದನ್ನು ದುಡ್ಡು ಕೊಡದೆ ಎಷ್ಟು ದಿನ ಬೇಕಾದರೂ ಬಳಸಬಹುದು, ಮಾಡಿದ್ದನ್ನು ಸೇವ್ ಮಾಡಬಹುದು, ಹಾಡಾಗಿ ಹೊರತೆಗೆಯಲೂಬಹುದು. ಸೇವ್ ಮಾಡಿದ್ದನ್ನು ಮತ್ತೆ ತೆರೆಯಬೇಕಾದರೆ ಮಾತ್ರ ದುಡ್ಡು ಕಟ್ಟಬೇಕು. ನನ್ನ ಪ್ರಕಾರ ಸಂಗೀತಕ್ಕೆ ಇಷ್ಟು ಉಪಕಾರ ಮಾಡಿದ ಷರತ್ತು ಇನ್ನೊಂದಿಲ್ಲ. ಒಂದೇ ಕೂರಿಕೆಯಲ್ಲಿ ಮುಗಿಸು, ಇಲ್ಲವೇ ಮರೆ! ನಮ್ಮವನು ದುಡ್ಡು ಕಟ್ಟಿ ಅದರಿಂದ ಪಾರಾದ. ಈಗ ಒಂದೇ ಹಾಡನ್ನು ಆಯುಷ್ಯವಿಡೀ ತೆರೆಯುತ್ತಿರಬಹುದು.

ಹೋಗಲಿ, ಇಷ್ಟೆಲ್ಲ ಹೆದರಿಕೆ ಯಾರಿಗೆ? ಲೋಕ ನಗುತ್ತದೆ ಎನ್ನುತ್ತಾನೆ. ಲೋಕಕ್ಕೆ ಅಷ್ಟು ಬಿಡುವಿದ್ದರೆ ತಾನೆ. ದಿನವೊಂದಕ್ಕೆ ಲಕ್ಷದ ಆಸುಪಾಸು ಹೊಸ ಹಾಡುಗಳು ಇಂಟರ್ನೆಟ್ಟಿನ ಹೊಳೆಗೆ ಬಂದು ಬೀಳುತ್ತಿವೆ. ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಚಿಕ್ಕಾಸೂ ಕೊಡುವುದಿಲ್ಲವೆಂದು ಸ್ಪಾಟಿಫೈ 2024ರಿಂದ ನಿಯಮವನ್ನೇ ಮಾಡಿದೆ. ನಗಲು ಬರುವವರು ಮೊದಲು ಕೇಳಲು ಬರಬೇಕಲ್ಲ. ಇದನ್ನು ವಿನಯ ಎಂದು ಕರೆಯುವುದೂ ನನಗೆ ಒಪ್ಪಿಗೆಯಿಲ್ಲ. ಮನೆಮುಂದೆ ರಂಗೋಲಿ ಹಾಕುವ ಹೆಂಗಸು ತಾನು ರವಿವರ್ಮನಾಗಲಿಲ್ಲವೆಂದು ಅತ್ತದ್ದುಂಟೆ? ಇವನು ತನ್ನ ಮೊದಲ ಹಾಡನ್ನು ರೆಹಮಾನರ ಪಕ್ಕಕ್ಕೇ ಇಟ್ಟು ತೂಗುತ್ತಾನೆ, ಆ ತಕ್ಕಡಿ ಮೇಲೆ ಹೋಯಿತೆಂದು ಕೊರಗುತ್ತಾನೆ. ಅಲ್ಲಿ ಇಟ್ಟ ಧೈರ್ಯವನ್ನು ಯಾರೂ ಗಮನಿಸುವುದಿಲ್ಲ.

ಕೊರಗು ಹೆಚ್ಚಾದಾಗ ಅವನಲ್ಲಿ ಒಂದು ಸಾಂತ್ವನದ ಮಾತ್ರೆಯಿದೆ: ಚರಣ್‌ಜಿತ್ ಸಿಂಗ್. ಮುಂಬಯಿಯ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಅವರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಜೋಡಿಸಿಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ರೆಕಾರ್ಡು ತಂದರು. ಯಾರೂ ಕೊಳ್ಳಲಿಲ್ಲ. ಆ ಯಂತ್ರಗಳಲ್ಲಿ ಟಿಬಿ-303 ಎಂಬುದೂ ಒಂದು. ಗಿಟಾರಿನವರ ಜೊತೆಗೆ ಬೇಸ್ ನುಡಿಸಲೆಂದು ಮಾಡಿದ್ದು, ಅದೂ ಮಾರಾಟವಾಗದೆ ಎರಡು ಮೂರು ವರ್ಷಕ್ಕೇ ನಿಂತುಹೋಗಿತ್ತು. ಶಿಕಾಗೋದ ಹುಡುಗರು ಅದನ್ನು ಅಗ್ಗಕ್ಕೆ ತಂದು, ತಿರುಗಿಸಬಾರದಷ್ಟು ಗುಂಡಿ ತಿರುಗಿಸಿ, 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಎಂಬ ರೆಕಾರ್ಡಿನಿಂದ ಹೊಸ ಸಂಗೀತವನ್ನೇ ಎಬ್ಬಿಸಿದರು. 2010ರಲ್ಲಿ ಸಿಂಗ್ ಅವರ ರೆಕಾರ್ಡು ಮತ್ತೆ ಅಚ್ಚಾದಾಗ ಜಗತ್ತು ಬೆಚ್ಚಿಬಿತ್ತು: ಇದನ್ನು ಈ ಮಹಾರಾಯ ಐದು ವರ್ಷ ಮೊದಲೇ ಮಾಡಿಟ್ಟಿದ್ದನಲ್ಲ! ‘ನೋಡಿ ಸರ್, ಕಾಲ ಅರ್ಥ ಮಾಡ್ಕೊಳ್ಳುತ್ತೆ’ ಎನ್ನುತ್ತಾನೆ ನಮ್ಮ ಹುಡುಗ, ಕಣ್ಣಂಚಿನಲ್ಲಿ ನೀರು. ಚರಣ್‌ಜಿತ್ ಸಿಂಗ್ ಹತ್ತಕ್ಕೆ ಹತ್ತೂ ರಾಗ ಮುಗಿಸಿ ಅಂಗಡಿಗೆ ಕೊಟ್ಟಿದ್ದರು ಎಂದು ನಾನು ನೆನಪಿಸಲು ಹೋಗಲಿಲ್ಲ. ಮೂವತ್ತು ವರ್ಷದ ಮೇಲೆ ಕಾಲ ಬಂದು ಬಾಗಿಲು ತಟ್ಟಿದಾಗ ಇವನು ಎಂಟು ಬಾರ್ ತೋರಿಸಿ ‘ಕಿಕ್ ಕೂರ್ತಿಲ್ಲ’ ಅಂದರೆ, ಕಾಲವೂ ‘ಊಟ ಆಯ್ತಾ’ ಎಂದು ಕೇಳಿ ಹೋಗಬೇಕಷ್ಟೆ.

ಸಂಶಯದ ಹಂಚಿಕೆಯಲ್ಲಿ ಘೋರ ಅನ್ಯಾಯವಾಗಿದೆ. ಗಣೇಶನನ್ನು ಬಿಡುವ ರಾತ್ರಿ ಲಾರಿಯ ಮೇಲೆ ಗೋಡೆಯಷ್ಟು ಸ್ಪೀಕರ್ ಕಟ್ಟಿ ಊರಿನ ಕಿಟಕಿ ಗಾಜುಗಳನ್ನೆಲ್ಲ ಅದುರಿಸುವ ಡಿಜೆಗೆ ಅದು ಒಂದು ಹನಿಯೂ ಸಿಕ್ಕಿಲ್ಲ. ನಾಲ್ಕು ಸಾಲು ಬರೆದುಕೊಟ್ಟರೆ ಕ್ಷಣಾರ್ಧದಲ್ಲಿ ಇಡೀ ಹಾಡನ್ನು ಹಾಡಿಬಿಡುವ ಎಐ ಬಂದಿದೆ. ಅದು ‘ಹೇಗಿದೆ ಸರ್’ ಎಂದು ಯಾರ ಮುಖವನ್ನೂ ನೋಡುವುದಿಲ್ಲ. ಇನ್ನು ನಮ್ಮ ಆಂಜನೇಯನ ಗುಡಿಯ ಭಜನಾ ಮಂಡಳಿ. ಪ್ರತಿ ಶನಿವಾರ ಸಂಜೆ ಆರಕ್ಕೆ, ಮಳೆಯೇ ಬರಲಿ ಮ್ಯಾಚೇ ಇರಲಿ, ಒಂಬತ್ತು ಜನ ನಿವೃತ್ತರು ಕೂಡುತ್ತಾರೆ. ಹಾರ್ಮೋನಿಯಮ್ಮಿನ ಶ್ರುತಿ ಒಂದು, ಹಾಡುವವರ ಶ್ರುತಿ ತಲೆಗೊಂದು. ತಾಳದವರು ಕಾಲುಭಾಗ ಮುಂದೆ ಇರುತ್ತಾರೆ, ಬೇಗ ಮುಗಿದರೆ ಕೋಸಂಬರಿ. ಇವರಲ್ಲಿ ಯಾರಿಗೂ ತನ್ನ ಕಲೆಯ ಬಗ್ಗೆ ನಿದ್ದೆಗೆಟ್ಟ ಇತಿಹಾಸವಿಲ್ಲ. ನಿದ್ದೆಗೆಟ್ಟವರು ಗುಡಿಯ ಸುತ್ತಲಿನವರು.

ಆ ಮಂಡಳಿಯ ಅಧ್ಯಕ್ಷರು ಹನುಮ ಜಯಂತಿಯ ಹಿಂದಿನ ವಾರ ಟ್ಯಾಂಕಿನ ಕೋಣೆಗೆ ಮೆಟ್ಟಿಲು ಹತ್ತಿದರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು, ಕೇಳುವ ಅಭ್ಯಾಸವಿಲ್ಲ.

‘ನೀನು ರೆಕಾರ್ಡಿಂಗ್ ಮಾಡ್ತೀಯಂತಲ್ಲಪ್ಪ. ನಮ್ದು ಆರು ಭಜನೆ ಮಾಡ್ಕೊಡು.’

‘ಅಂಕಲ್, ನನ್ನ ಸೆಟಪ್ ಇನ್ನೂ ರೆಡಿ ಇಲ್ಲ. ರೂಮ್ ಸರಿ ಇಲ್ಲ, ಮಾನಿಟರ್ಸ್…’

‘ಅದೆಲ್ಲ ಆಮೇಲೆ ಮಾಡ್ಕೋ. ಗುರುವಾರ ಬೇಕು. ಶುಕ್ರವಾರ ಮೈಕ್‌ಸೆಟ್‌ನೋನಿಗೆ ಪೆನ್‌ಡ್ರೈವ್ ಕೊಡ್ಬೇಕು.’

ಕರ್ಚೀಫು ತೆಗೆದು ಮೈಕು ಗುಡಿಗೆ ಹೋಯಿತು. ಒಂಬತ್ತು ಜನರ ನಡುವೆ ಅದೊಂದೇ ಮೈಕು. ಮಧ್ಯೆ ಯಾರೋ ಬಂದು ಗಂಟೆ ಬಾರಿಸಿದರು, ಪೂಜಾರಿಗಳು ಸೀನಿದರು, ಎಲ್ಲವೂ ದಾಖಲಾಯಿತು. ಹುಡುಗ ಎರಡು ರಾತ್ರಿ ಕೂತು ಆರನ್ನೂ ಮುಗಿಸಿದ. ಇದರಲ್ಲಿ ಕಿಕ್ ಇರಲಿಲ್ಲ, 56 ಹರ್ಟ್ಜ್ ಇರಲಿಲ್ಲ, ರೆಹಮಾನರ ಪಕ್ಕ ಇಡುವ ಪ್ರಶ್ನೆ ಬರಲಿಲ್ಲ. ಬುಧವಾರ ರಾತ್ರಿಯೇ ಮಂಡಳಿಯ ವಾಟ್ಸಾಪ್ ಗುಂಪಿಗೆ ಕಳಿಸಿದ.

ಗುರುವಾರ ಬೆಳಿಗ್ಗೆ ಆರೂವರೆಯಿಂದ ಫೋನು. ಅಧ್ಯಕ್ಷರು ಮೊದಲು: ‘ಎಲ್ಲಾ ಚೆನ್ನಾಗಿದೆ, ನನ್ನ ದನಿ ಒಂಚೂರು ಕಮ್ಮಿ ಆಯ್ತು.’ ಆಮೇಲೆ ಕಾರ್ಯದರ್ಶಿಗಳು, ಅವರದ್ದೂ ಕಮ್ಮಿ. ಹಾರ್ಮೋನಿಯಮ್ಮಿನವರು, ತಾಳದವರು, ಬರೀ ಕೋರಸ್ಸಿಗೆ ಬಾಯಿ ಆಡಿಸಿದವರು, ಒಬ್ಬೊಬ್ಬರಾಗಿ ಒಂಬತ್ತೂ ಜನ. ಬೇರೆಯವರು ತಪ್ಪಿದ್ದು ಎಲ್ಲರಿಗೂ ಕೇಳಿಸಿತ್ತು, ತನ್ನದು ಯಾರಿಗೂ ಕೇಳಿಸಿರಲಿಲ್ಲ. ಒಂದೇ ಮೈಕಿನಲ್ಲಿ ಬೆರೆತುಹೋದ ಒಂಬತ್ತು ದನಿಗಳಲ್ಲಿ ಒಂದನ್ನೇ ಹಿಡಿದು ಎತ್ತುವುದು ಅವನಿಂದ ಆಗುವ ಮಾತಲ್ಲ. ಹುಡುಗ ಗೋಡೆಯ ಕಡೆ ನೋಡಿದ. ಲ್ಯಾಪ್‌ಟಾಪ್ ತೆರೆದು ಯಾರ ದನಿಯನ್ನೂ ಮುಟ್ಟದೆ, ಇಡೀ ಕಡತವನ್ನೇ ಎರಡು ಡೆಸಿಬೆಲ್ ಏರಿಸಿ, ‘ಹೊಸ ಮಿಕ್ಸ್, ಎಲ್ಲರೂ ಹೇಳಿದ ಪ್ರಕಾರ’ ಎಂದು ಮತ್ತೆ ಕಳಿಸಿದ.

ಹತ್ತು ಗಂಟೆಯೊಳಗೆ ಒಂಬತ್ತು ಕೈಮುಗಿಯುವ ಚಿತ್ರಗಳು ಬಂದವು. ಖಜಾಂಚಿಗಳು ಫೋನನ್ನೂ ಮಾಡಿದರು.

‘ಈಗ ನೋಡಪ್ಪ ಬೊಂಬಾಟಾಯ್ತು. ನನ್ನ ದನಿ ಎಷ್ಟು ಚೆನ್ನಾಗಿ ಎದ್ದು ಬಂದಿದೆ! ಆದ್ರೆ ಒಂದು ಮಾತು, ಬೇಜಾರು ಮಾಡ್ಕೋಬೇಡ. ಆ ಸೆಕ್ರೆಟರಿದು ಯಾಕೆ ಅಷ್ಟೊಂದು ಜಾಸ್ತಿ ಮಾಡಿದೀಯ?’